ಕಂಡಕ್ಟರನ್ನು ತಿಂದವನು

ನನ್ನ ತೊಡೆಯ ಮೇಲೆ ಈಗ ಒಂದು ಸ್ಟೀಲಿನ ಡಬ್ಬಿ ಇದೆ. ಮುಚ್ಚಳ ಬಿಗಿಯಾಗಿಯೇ ಇದೆ, ಆದರೂ ವಾಸನೆ ಹೊರಗೆ ಬರುತ್ತಿದೆ. ಒಣಶುಂಠಿ, ಬೆಲ್ಲ, ಒಂದಿಷ್ಟು ಜಾಜಿಕಾಯಿ. ಕಣ್ಣು ಮುಚ್ಚಿ ಮೂಸಿದರೆ ನೀವೂ ಇದನ್ನು ಬಾಣಂತಿಗೆ ಕಟ್ಟುವ ಅಂಟಿನ ಉಂಡೆ ಎಂದೇ ಹೇಳುತ್ತೀರಿ. ನಮ್ಮ ಇಳಕಲ್ಲಿನಲ್ಲಿ ಯಾವ ಮನೆಯಿಂದ ಈ ವಾಸನೆ ಬಂದರೂ ಅಲ್ಲಿ ಕೂಸು ಹುಟ್ಟಿದೆ ಎಂದು ಓಣಿಯವರು ತಿಳಿದುಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ನಮ್ಮ ಮನೆಯಿಂದ ಬಂದರೆ ಮಾತ್ರ ಅದು ಬೇರೆ ಕೂಸು ಹುಟ್ಟಿದ ಹಬ್ಬ.

ಪಕ್ಕದ ಮನೆಯ ಕರುಣಾ ಸಿಸ್ಟರು ನರ್ಸು. ಕ್ರಿಸ್ಮಸ್ ಹತ್ತಿರ ಬಂದಿತೆಂದರೆ ಹಿಟ್ಟು, ಬೆಲ್ಲ, ತುಪ್ಪ ಎಲ್ಲ ಕಟ್ಟಿಕೊಂಡು ಬಿಸ್ಕೀಟಿನ ಭಟ್ಟಿಗೆ ಹೋಗುತ್ತಾರೆ. ನಮ್ಮ ಕಡೆ ಹಾಗೇ. ಸಾಮಾನು ನಮ್ಮದು, ಬೆಂಕಿ ಭಟ್ಟಿಯವನದು. ಬಾಗಿಲಲ್ಲೇ ಕೂತು ಕಾಯಬೇಕು, ಇಲ್ಲದಿದ್ದರೆ ನಮ್ಮ ತುಪ್ಪ ಯಾರದೋ ಬಿಸ್ಕೀಟಿಗೆ ಹೋದೀತೆಂಬ ಅನುಮಾನ. ಸಿಸ್ಟರು ಮಾಡಿಸುವುದು ಮನುಷ್ಯರ ಆಕಾರದ ಶುಂಠಿ ಬಿಸ್ಕೀಟು. ನಮಗಾಗಿ ತತ್ತಿ ಹಾಕದೆ ಬೇರೆಯೇ ಹಿಟ್ಟು ಕಲಸಿ, ನಾಲ್ಕು ಬೋಳು ಗೊಂಬೆ ಮಾಡಿಸಿ ನನ್ನ ಮೊಮ್ಮಗಳು ಶ್ರಾವಣಿಯ ಕೈಗೆ ಕೊಡುತ್ತಾರೆ. ಬಟ್ಟೆ ಬರೆ ತೊಡಿಸುವುದು ಅವಳ ಕೆಲಸ.

ಹೋದ ವರ್ಷ ಅವಳಿಗೆ ಆರು ವರ್ಷ. ಸಕ್ಕರೆ ಪುಡಿಯನ್ನು ನಿಂಬೆರಸದಲ್ಲಿ ಕಲಸಿ ಹಾಲಿನ ಪಾಕೀಟಿಗೆ ತುಂಬಿ ಮೂಲೆ ಕತ್ತರಿಸಿದೆವು. ಮೆಹಂದಿ ಹಾಕಿದಂತೆ ಹಿಂಡುವುದು. ನಾನು ಮ್ಯಾಟ್ರಿಕ್ ಮುಗಿಸಿ ಮಗ್ಗ ಹಿಡಿದವನು, ಮೊಣಕಾಲು ಸೋಲುವ ತನಕ ಸೀರೆ ನೇಯ್ದವನು. ಬಿಸ್ಕೀಟಿನ ಮೇಲೆ ಗೆರೆ ಎಳೆಯುವುದು ಯಾವ ದೊಡ್ಡ ಕೆಲಸ ಎಂದುಕೊಂಡಿದ್ದೆ.

"ಅಜ್ಜಾ, ಇಕಿ ಮಮ್ಮಿ. ಇಕಿಗೆ ಸೀರಿ ಉಡಿಸು."

"ಎಂಥಾ ಸೀರಿವಾ?"

"ಇಳಕಲ್ ಸೀರಿ. ಮತ್ಯಾವುದು ಐತಿ?"

ಬೀಟ್‌ರೂಟ್ ರಸದ ಕೆಂಪು ಹಚ್ಚಿ, ಅದರ ಮೇಲೆ ಟೋಪತೆನಿ ಸೆರಗಿನ ಹಲ್ಲುಹಲ್ಲಾದ ಬಿಳಿ ತೆನೆಗಳನ್ನು ಎಳೆಯಲು ಹೋದೆ. ತೆನೆಗಳು ಅಡ್ಡಾದಿಡ್ಡಿ ಬಿದ್ದವು. ಶ್ರಾವಣಿ ತಲೆ ವಾರೆ ಮಾಡಿ ನೋಡಿದಳು. "ಇದು ಸೆರಗೋ, ಮೊಸಳಿ ಬಾಯೋ?"

ಎರಡನೆಯದು ಅವಳೇ, ಎರಡು ಜಡೆ. ಮೂರನೆಯದು ನಾನು. ಕನ್ನಡಕ ಹಾಕಿ, ತಲೆಗೆ ಏನೂ ಹಾಕದೆ ಬಿಟ್ಟಳು. "ನಿನಗ ಕೂದಲಾ ಇಲ್ಲಲಾ." ನಾಲ್ಕನೆಯದು ಅವಳ ಅಪ್ಪ, ನನ್ನ ಮಗ ವೀರೇಶ. ಅವನು ಬಸ್ ಕಂಡಕ್ಟರ್. ಶುಂಠಿ ಬಿಸ್ಕೀಟು ಹುಟ್ಟಿನಿಂದಲೇ ಖಾಕಿ ಬಣ್ಣದ್ದು, ಅಂಗಿ ಹೊಲಿಯುವ ಕೆಲಸವೇ ಇರಲಿಲ್ಲ. ಸಕ್ಕರೆ ಲೇಪಿಸಿದ ಬಣ್ಣದ ಬಡೇಸೋಪಿನ ಕಾಳುಗಳನ್ನು ಗುಂಡಿಯಂತೆ ಕೂರಿಸಿದಳು. ಬಾಯಿಗೆ ಒಂದು ಲವಂಗ ಚುಚ್ಚಿದಳು. ಅದು ಸೀಟಿ.

"ಇದನ್ನ ಪಪ್ಪಾ ಬರೂತನಕಾ ಯಾರೂ ಮುಟ್ಟಂಗಿಲ್ಲ."

ಡಿಸೆಂಬರ್ ಎಂದರೆ ಶಾಲೆಯ ಮಕ್ಕಳ ಪ್ರವಾಸದ ಕಾಲ. ಬಾದಾಮಿಯ ಬಸ್ಸುಗಳು ತುಂಬಿ ತುಳುಕುತ್ತವೆ. ನಾಲ್ಕು ದಿನದಿಂದ ವೀರೇಶ ಮನೆಯ ಕಡೆ ಬಂದಿರಲಿಲ್ಲ, ಹಬ್ಬದ ದಿನ ಸಂಜೆಗೆ ಬರುವವನಿದ್ದ.

ಹಬ್ಬದ ದಿನ ಮಧ್ಯಾಹ್ನ ಸೊಸೆ ರೇಖಾ ಗಿರಣಿಗೆ ಹೋಗಿದ್ದಳು, ಶ್ರಾವಣಿ ಹೊರಗೆ ಆಡುತ್ತಿದ್ದಳು. ನನಗೆ ಶುಗರ್ ಇದೆ. ನನ್ನಾಕೆ ತೀರಿದ ಮೇಲೆ ರೇಖಾನೇ ನನ್ನ ಡಾಕ್ಟರು, ಅವಳ ಎದುರು ಬೆಲ್ಲದ ಹೆಸರು ಎತ್ತುವಂತಿಲ್ಲ. ನನ್ನ ರೂಪದ ಗೊಂಬೆಯನ್ನು ಸಹ ಶ್ರಾವಣಿ ಬೆಳಿಗ್ಗೆ ನನ್ನ ಎದುರಿಗೇ ಕೂತು ತಿಂದು ಮುಗಿಸಿದ್ದಳು, ಅಜ್ಜನಿಗೆ ಶುಗರ್ ಎಂಬ ಕಾಳಜಿಯಿಂದ. ಡಬ್ಬಿಯಲ್ಲಿ ಉಳಿದಿದ್ದವನು ಕಂಡಕ್ಟರ್ ಒಬ್ಬನೇ. ವಾಸನೆ ನೋಡಲೆಂದಷ್ಟೇ ಮುಚ್ಚಳ ತೆಗೆದೆ, ನಂಬುತ್ತೀರೋ ಬಿಡುತ್ತೀರೋ. ಸೀಟಿ ಸಡಿಲವಾಗಿತ್ತು, ಬಾಯಿಗೆ ಹಾಕಿಕೊಂಡೆ. ಆಮೇಲೆ ಒಂದು ಕೈ. ಒಂದೇ ಕೈಯಲ್ಲಿ ಕಂಡಕ್ಟರ್ ಟಿಕೆಟ್ ಕೊಡುವುದು ಹೇಗೆ? ಇನ್ನೊಂದೂ ಹೋಯಿತು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ.

ರೇಖಾ ಬಂದು ಖಾಲಿ ಡಬ್ಬಿ ನೋಡಿ ಮಗಳನ್ನು ಒಳಗೆ ಕರೆದಳು. ಹುಡುಗಿಯ ಫ್ರಾಕಿನ ಮೇಲೆ ಬೆಳಗಿನ ಬಿಸ್ಕೀಟಿನ ಪುಡಿ ಇನ್ನೂ ಅಂಟಿತ್ತು.

"ನಾ ತಿಂದಿಲ್ಲ ಮಮ್ಮಿ!"

"ತಿಂದಿದ್ದಕ್ಕ ಸಿಟ್ಟಿಲ್ಲ. ಸುಳ್ಳ ಹೇಳ್ತಿಯಲ್ಲ, ಅದಕ್ಕ." ರೇಖಾ ನನ್ನ ಕಡೆ ತಿರುಗಿದಳು. "ಮಾಮಾರ, ನೀವು ಮನ್ಯಾಗ ಇದ್ರಲ್ರಿ, ಏನರ ನೋಡಿದ್ರೇನು?"

"ಇಲ್ಲವಾ. ನನಗ ನಿದ್ದಿ ಹತ್ತಿತ್ತು."

ಲವಂಗದ ಖಾರ ಆಗ ಇನ್ನೂ ನನ್ನ ನಾಲಿಗೆಯ ಮೇಲಿತ್ತು. ಗೊಂಬೆ ತಿಂದದ್ದು ಆಸೆ, ಅದಕ್ಕೆ ಕ್ಷಮೆ ಇದೆ. ಈ ಮಾತಿಗೆ ಏನಿದೆ? ಆ ಸಂಜೆ ಸಿಸ್ಟರ ಮನೆಗೆ, ಹುಲ್ಲಿನ ಮೇಲೆ ಕೂಸನ್ನು ಮಲಗಿಸಿದ ಗೋದಲಿ ನೋಡಲು ಹೋಗಬಾರದು ಎಂದು ಶ್ರಾವಣಿಗೆ ಶಿಕ್ಷೆ ಆಯಿತು. ಪಕ್ಕದ ಮನೆಯಲ್ಲಿ ಮಕ್ಕಳು ಹಾಡುವುದು ಗೋಡೆಯಾಚೆ ಕೇಳಿಸುತ್ತಿತ್ತು. ಅವಳು ಮೂಲೆಯಲ್ಲಿ ಕೂತಿದ್ದಳು. ಅತ್ತಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆನೋ ಏನೋ. ಅಳಲಿಲ್ಲ. ಬಹಳ ಹೊತ್ತು ಏನೋ ಲೆಕ್ಕ ಹಾಕಿ, ಎದ್ದು ಬಂದು ನನ್ನ ಪಕ್ಕ ಕೂತಳು.

"ಅಜ್ಜಾ, ನಾನ ತಿಂದಿರಬೇಕು."

"ಹಂಗ್ಯಾಕ ಅಂತೀವಾ?"

"ಮಮ್ಮಿ ಸುಳ್ಳ ಹೇಳೂದಿಲ್ಲ. ನೀನೂ ಹೇಳೂದಿಲ್ಲ. ಮತ್ತ ನಾನ ತಿಂದಿರಬೇಕು. ನಂಗ ನೆನಪಿಲ್ಲ ಅಷ್ಟ."

ಮಗ್ಗದ ಮೇಲೆ ಎಳೆ ಹರಿದದ್ದನ್ನು ಕಂಡೂ ಕಾಣದಂತೆ ನೇಯುತ್ತ ಹೋದರೆ ಸೀರೆಯ ಉದ್ದಕ್ಕೂ ಅದರ ಗೆರೆ ಬೀಳುತ್ತದೆ. ನಿಲ್ಲಿಸಿ ಗಂಟು ಹಾಕಲು ಒಂದು ಗಳಿಗೆ ಸಾಕು. ಇಷ್ಟು ತಿಳಿದವನು ನಾನು, ನನ್ನ ಕಣ್ಣೆದುರು ಒಂದು ಕೂಸು ತನ್ನ ಮೇಲೆ ತಾನೇ ನಂಬಿಕೆ ಕಳೆದುಕೊಳ್ಳುತ್ತಿರುವುದನ್ನು ನೋಡುತ್ತ ಕೂತಿದ್ದೆ.

"ರೇಖಾ, ಇತ್ಲಾಗ ಬಾರವಾ," ಎಂದೆ. ಅದೇ ಹೊತ್ತಿಗೆ ವೀರೇಶ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ. "ಗೊಂಬಿ ತಿಂದಾಂವ ನಾನು. ನಿದ್ದಿ ಹತ್ತಿತ್ತು ಅಂದಿದ್ದೂ ಸುಳ್ಳ."

ರೇಖಾ ಒಳಗೆ ಹೋದಳು. ಸಿಟ್ಟು ಬಂತೆಂದುಕೊಂಡೆ. ರಕ್ತ ನೋಡುವ ಮಷಿನ್ ಹಿಡಿದು ಬಂದಳು. "ಬೆರಳು ತರ್ರಿ." ಚುಚ್ಚಿ, ನೋಡಿ, ಅದನ್ನು ಪಕ್ಕಕ್ಕಿಟ್ಟಳು. ಆಮೇಲೆ ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. "ತಪ್ಪಾತ ಪುಟ್ಟಿ. ನೀ ಖರೇನ ಹೇಳಿದ್ದಿ."

ಶ್ರಾವಣಿ ನೋಡುತ್ತಿದ್ದುದು ನನ್ನನ್ನು. "ಪೂರಾ ತಿಂದಿ?"

"ಪೂರಾ."

"ಸೀಟಿನೂ?"

"ಮೊದಲ ಸೀಟಿನ."

ಆಗ ಅತ್ತಳು. ಅಳುತ್ತ ಎರಡೂ ಮುಷ್ಟಿಯಿಂದ ನನ್ನ ತೋಳಿಗೆ ಗುದ್ದಿದಳು. ಒಂದೊಂದು ಏಟಿಗೂ ನನಗೆ ಉಸಿರು ಸಲೀಸಾಗುತ್ತ ಬಂತು. ವೀರೇಶ ಅವಳನ್ನು ಎತ್ತಿಕೊಂಡು, "ನೋಡಲೇ ನಿಮ್ಮಜ್ಜನ್ನ, ಕಂಡಕ್ಟರನ್ನ ನುಂಗಿ ಟಿಕೀಟನೂ ತಗೊಂಡಿಲ್ಲ," ಎಂದ. ಅಳುವಿನ ನಡುವೆಯೇ ಅವಳು ಕಿಸಕ್ಕನೆ ನಕ್ಕಳು. ಆಮೇಲೆ ಅವಳ ಕೈ ಹಿಡಿದು ಗೋದಲಿ ನೋಡಲು ನಾನೇ ಕರೆದುಕೊಂಡು ಹೋದೆ. ಅಲ್ಲಿ ಸಿಸ್ಟರ ಮುಂದೆ ನನ್ನ ಕಥೆಯನ್ನೆಲ್ಲ ಅವಳೇ ಹೇಳಿದಳು, ಕೈ ಕಾಲು ಒಂದನ್ನೂ ಬಿಡದೆ. ನಾನು ಹೌದು ಹೌದೆಂದು ತಲೆಯಾಡಿಸುತ್ತ ನಿಂತಿದ್ದೆ.

ಈ ವರ್ಷವೂ ನಾಲ್ಕು ಗೊಂಬೆ ಬಂದವು. ಸೆರಗು ಹೋದ ಸಲಕ್ಕಿಂತ ಚೆನ್ನಾಗಿ ಬಂತು, ಅದೂ ಅವಳೇ ಎಳೆದದ್ದರಿಂದ. ವೀರೇಶ ಈ ಸಲವೂ ಬಾದಾಮಿಯ ಬಸ್ಸಿನಲ್ಲೇ ಇದ್ದಾನೆ, ಸಂಜೆಗೆ ಬರುತ್ತಾನೆ. ಈಗ ಸ್ವಲ್ಪ ಹೊತ್ತಿನ ಹಿಂದೆ ಶ್ರಾವಣಿ ಹೊರಗೆ ಆಡಲು ಹೊರಟವಳು ತಿರುಗಿ ಬಂದು, ಈ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ಅಜ್ಜಾ, ಪಪ್ಪಾ ಬರೂತನಕಾ ನೀನ ಕಾಯಿ."

ಅಡುಗೆಮನೆಯಿಂದ ರೇಖಾ ಕೂಗಿದಳು. "ಏ, ನಿನಗ ಬ್ಯಾರೆ ಯಾರೂ ಸಿಗಲಿಲ್ಲೇನ?"

"ಇರಲಿ ಬಿಡ ಮಮ್ಮಿ," ಎಂದಳು ಶ್ರಾವಣಿ ಚಪ್ಪಲಿ ಮೆಟ್ಟುತ್ತ. "ಅಜ್ಜ ತಿಂದ್ರ ಹೇಳ್ತಾನ."

ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ಕೂತಿದ್ದೇನೆ. ವಾಸನೆ ಬರುತ್ತಲೇ ಇದೆ. ಬರಲಿ.