ಇಂಗ್ಲಿಷಿನಲ್ಲಿ ಹೋದ ಸಂದೇಶ

ಫೈಲು ಅಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಆದರೂ ಜಮಖಂಡಿಯ ನಮ್ಮ ಸ್ನಾತಕೋತ್ತರ ಕೇಂದ್ರದಲ್ಲಿ, ಹೊಳೆ ಬಂದರೂ ಪರೀಕ್ಷೆ ನಿಲ್ಲದಂತೆ ಯೋಜನೆ ಬರೆಯುವ ಕೆಲಸ ನನ್ನ ಕೊರಳಿಗೇ ಬಿತ್ತು. ಬರೆದೆ. ದಾರಿ ಬಂದಾದರೆ ಬೀಳಗಿ ಕಡೆಯವರು ಬೀಳಗಿಯ ಕಾಲೇಜಿನಲ್ಲೇ ಪರೀಕ್ಷೆ ಬರೆಯಬೇಕು, ಹಿಂದಿನ ದಿನವೇ ಎಲ್ಲರ ಮೊಬೈಲಿಗೆ ಸಂದೇಶ ಹೋಗಬೇಕು. ಇದರಲ್ಲಿ ಒಂದು ತೂತೂ ಇಲ್ಲ ಎಂದು ಜಂಬಪಟ್ಟಿದ್ದೆ.

ಆ ವರ್ಷ ಕೃಷ್ಣೆ ಏರಿತು, ಬಸ್ಸುಗಳು ನಿಂತವು, ಸಂದೇಶ ಹೋಯಿತು. ಮರುದಿನ ಕೊನೆಯ ಸೆಮಿಸ್ಟರಿನ ಕೊನೆಯ ಪತ್ರಿಕೆ. ಬೆಳಿಗ್ಗೆ ಒಂಬತ್ತೂವರೆಗೆ ಬೀಳಗಿಯಿಂದ ಮೇಲ್ವಿಚಾರಕರ ಫೋನು ಬಂತು.

"ಎಲ್ಲಾರೂ ಬಂದಾರ್ರಿ ಸರ. ಅನಗವಾಡಿ ಹುಡುಗಿ ಒಬ್ಬಾಕಿ ಬಂದಿಲ್ಲ."

ಇದೊಂದು ಪತ್ರಿಕೆ ತಪ್ಪಿದರೆ ಅವಳಿಗೆ ಒಂದು ವರ್ಷ ಹೋದಂತೆ, ಸಿಕ್ಕಿದ್ದ ಬಿ.ಎಡ್ ಸೀಟೂ ಹೋದಂತೆ. ಅರ್ಜಿ ತೆಗೆದು ನೋಡಿದೆ. ನಂಬರಿನ ಪಕ್ಕದಲ್ಲಿ 'ದೊಡ್ಡಪ್ಪ' ಎಂದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಅರ್ಜಿಯಲ್ಲಿ ಮನೆಯ ಹಿರಿಯರ ನಂಬರು ಬರೆಯುವುದೇ ರೂಢಿ. ನನಗೇನು ಗೊತ್ತಿರಲಿಲ್ಲವೇ? ನನ್ನ ಮಗಳ ಅರ್ಜಿಯಲ್ಲಿ ನನ್ನ ನಂಬರು ಬರೆದವನು ನಾನೇ.

ಫೋನು ಮಾಡಿದೆ. "ಮೆಸೇಜ್ ಬಂದೈತ್ರಿ, ಇಂಗ್ಲಿಷಿನ್ಯಾಗ ಐತಿ," ಎಂದರು ದೊಡ್ಡಪ್ಪ. "ಹೊಳಿ ಬಂದೈತಲ್ಲ, ಪರೀಕ್ಷಿ ಮುಂದ ಹಾಕಿರಬೇಕು ಅಂತ ತಿಳಕೊಂಡು, ಮೆಸೇಜ್ ತೋರಸಲಾರದ, ಸುಮ್ಮನ ಮನ್ಯಾಗ ಇರು ಅಂತ ಆಕಿಗೆ ಹೇಳೇನಿ."

"ಪರೀಕ್ಷಿ ಐತ್ರಿ ಯಜಮಾನ್ರ, ಬೀಳಗ್ಯಾಗ. ಹತ್ತೂವರಿ ಒಳಗ ಮುಟ್ಟಿಸ್ರಿ."

"ಕನ್ನಡದಾಗ ಒಂದು ಸಾಲು ಬರೆದಿದ್ರ ನಿಮ್ಮ ಗಂಟೇನು ಹೋಗತಿತ್ರಿ?" ಎಂದು ಫೋನಿಟ್ಟರು. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ.

ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಅರ್ಧ ತಾಸು ಕಳೆದ ಮೇಲೆ ಬಂದವರನ್ನು ಒಳಗೆ ಬಿಡುವಂತಿಲ್ಲ. ಕೋಣೆಯಲ್ಲಿ ಶತಪಥ ಹಾಕಿದೆ, ಜವಾನ ತಂದಿಟ್ಟ ಚಹಾ ಆರಿತು. ಹತ್ತು ಇಪ್ಪತ್ತೈದಕ್ಕೆ ಮೇಲ್ವಿಚಾರಕರ ಫೋನು ಬಂತು. "ಬಂದ್ಳರಿ ಸರ. ಟ್ರ್ಯಾಕ್ಟರ್ ಮ್ಯಾಲೆ ಬಂದ್ಳು. ಬರ್ಯಾಕ ಕುಂತಾಳ."

ಕುರ್ಚಿಯಲ್ಲಿ ಕುಸಿದು ಕುಳಿತೆ. ನನ್ನ ಸ್ವಂತ ಪರೀಕ್ಷೆ ಪಾಸಾದಾಗಲೂ ಇಷ್ಟು ನಿರಾಳವಾಗಿರಲಿಲ್ಲ. ಆರಿದ ಚಹಾವನ್ನೇ ಕುಡಿದು, ದೊಡ್ಡಪ್ಪನಿಗೆ ಕನ್ನಡದಲ್ಲಿ ಒಂದು ಸಂದೇಶ ಕಳಿಸಿದೆ: ಹುಡುಗಿ ಪರೀಕ್ಷೆ ಬರೆಯುತ್ತಿದ್ದಾಳೆ, ಒಂದು ಗಂಟೆಗೆ ಬಿಡುತ್ತಾರೆ.

ಕೂಡಲೇ ಅವರ ಫೋನು ಬಂತು. ಕಾಲೇಜಿನ ಕಟ್ಟೆಯ ಮೇಲೆ ಅವಳಿಗಾಗಿ ಕಾಯುತ್ತ ಕುಳಿತಿದ್ದರು.

"ಇದು ಓದಾಕ ಬಂತ್ರಿ ಸರ," ಎಂದರು.