ತೊಳೆಯದೆ ಕಳಿಸಿದ ಕ್ಯಾನು

ಇನ್ನೊಬ್ಬರ ಮನೆಯ ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸಬಾರದು ಎಂದು ಉಮ್ಮತ್ತೂರಿನಲ್ಲಿ ಮಲ್ಲಾಜಮ್ಮನ ಅವ್ವ ಹೇಳುತ್ತಿದ್ದಳು. ಎಂಟು ವರ್ಷದ ಮಲ್ಲಾಜಮ್ಮ ಒಮ್ಮೆ ಸಾರಿನ ಬೋಗುಣಿಯನ್ನು ಜಿಡ್ಡು ಸಮೇತ ಪಕ್ಕದ ಮನೆಗೆ ಕೊಟ್ಟು ಬಂದಳು. ಅವ್ವ ಅದನ್ನು ವಾಪಸು ಇಸಕೊಂಡು ಬರಲು ಅಟ್ಟಿ, ಬೂದಿ ಹಾಕಿ ಉಜ್ಜಿಸಿದಳು. ಹರದನಹಳ್ಳಿಗೆ ಸೊಸೆಯಾಗಿ ಬಂದು, ಗಂಡನನ್ನು ಮಣ್ಣು ಮಾಡಿ, ಕೂಲಿನಾಲಿಯಲ್ಲೇ ಮಗಳ ಮದುವೆ ಮುಗಿಸಿದರೂ ಆ ಪಾಠ ಮಲ್ಲಾಜಮ್ಮನ ಕೈ ಬಿಟ್ಟು ಹೋಗಲಿಲ್ಲ.

ಐವತ್ತಾರನೇ ವಯಸ್ಸಿಗೆ ಅವಳಿಗೆ ಬದನಗುಪ್ಪೆಯಲ್ಲಿ ಸಂಬಳದ ಕೆಲಸ ಸಿಕ್ಕಿತು. ಫ್ಯಾಕ್ಟರಿಗಳ ನೆಲ ಒರೆಸಿ, ಪಾಯಿಖಾನೆ ತೊಳೆದುಕೊಡುವ ಕಂಪನಿ ಅದು. ಅದರ ಗೋದಾಮಿನಲ್ಲಿ ಸೋಪಿನ ನೀರಿನ ಕ್ಯಾನುಗಳನ್ನು ನೋಡಿಕೊಳ್ಳುವವಳು ಇವಳು. ಸೋಪಿನ ನೀರು ತಯಾರಿಸುವವರು ಗುಂಡ್ಲುಪೇಟೆಯ ನಾಗರತ್ನ ಮತ್ತು ಅವಳ ಸಂಘದ ಹೆಂಗಸರು. ಖಾಲಿ ಕ್ಯಾನುಗಳು ಅವರಲ್ಲಿಗೇ ಹೋಗಿ ತುಂಬಿಕೊಂಡು ಬರಬೇಕು.

"ಕ್ಯಾನು ತೊಳೀಬ್ಯಾಡ. ಮುಚ್ಚಳ ಬಿಗ್ದು ಅಂಗೇ ಕಳ್ಸು," ಎಂದು ಸೂಪರ್‌ವೈಸರ್ ಮಹದೇವಸ್ವಾಮಿ ಮೊದಲ ದಿನವೇ ಹೇಳಿದ್ದ.

ಊಟಕ್ಕೆ ಬಂದವರಿಗೆ 'ಎಲೆ ಎತ್ತಬ್ಯಾಡ ಬುಡವ್ವ' ಎನ್ನುತ್ತೇವಲ್ಲ, ಅಂಥ ಮರ್ಯಾದೆಯ ಮಾತು ಎಂದುಕೊಂಡಳು ಮಲ್ಲಾಜಮ್ಮ. ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ, ಒಂದೊಂದು ಕ್ಯಾನನ್ನೂ ಮೂರು ಸಲ ನೀರು ಹಾಕಿ ಕುಲುಕಿ, ಹಿಂದಿನ ಚರಂಡಿಗೆ ಚೆಲ್ಲುತ್ತಿದ್ದಳು. ನಾಲ್ಕು ತಿಂಗಳು ಹೀಗೇ ನಡೆಯಿತು. ಚರಂಡಿಯ ನೀರು ಹೋಗಿ ಸೇರುವುದು ಎಮ್ಮೆಗಳು ನೀರು ಕುಡಿಯುವ ಕಟ್ಟೆಗೆ ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಕಟ್ಟೆಯಲ್ಲಿ ನೊರೆ ಎದ್ದಿತು. ಎಮ್ಮೆ ಕಾಯುವ ಮೂಗಯ್ಯ ಗೇಟಿಗೆ ಬಂದು ನಿಂತ.

"ನಿಮ್ ಕಂಪ್ನಿ ಊರೆಲ್ಲ ತೊಳೀತದೆ ಸರಿ ಕಣಪ್ಪ. ನನ್ ಎಮ್ಮೆ ಬಾಯಿ ತೊಳೀರಿ ಅಂತ ಯಾರು ಏಳಿದ್ರು?"

ಎರಡು ದಿನಕ್ಕೆ ಮೈಸೂರಿನ ಆಫೀಸಿನಿಂದ ತೇಜಸ್ವಿನಿ ಬಂದಳು. ಕಂಪನಿಗೆ ಸರಕು ಕೊಡುವವರ ಮನೆಯಿಂದ ಹಿಡಿದು ಗೋದಾಮಿನವರೆಗೆ ಎಲ್ಲಿ ನೀರು ಕೆಡುತ್ತದೆ, ಎಲ್ಲಿ ಗಾಳಿ ಕೆಡುತ್ತದೆ ಎಂದು ನೋಡುವುದೇ ಅವಳ ಕೆಲಸ. ಕಟ್ಟೆಯನ್ನೂ ಚರಂಡಿಯನ್ನೂ ನೋಡಿಕೊಂಡು ಬಂದವಳು ಕ್ಯಾನುಗಳ ಮುಂದೆ ಕೂತಳು.

"ಗುಂಡ್ಲುಪೇಟೆ ಕ್ಯಾನೇ ಸೋರ್ತಾ ಇರ್ಬೇಕು ಮೇಡಂ," ಎಂದ ಮಹದೇವಸ್ವಾಮಿ.

"ಹಾಗಿದ್ರೆ ಅವರ ಹತ್ತಿರ ತಗೊಳ್ಳೋದು ನಿಲ್ಲಿಸ್ಬೇಕಾಗುತ್ತೆ."

ಕಸ ಗುಡಿಸುತ್ತಿದ್ದ ಮಲ್ಲಾಜಮ್ಮನ ಪೊರಕೆ ನಿಂತಿತು. ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ, ಮುಖ ಕಂಡಿರದ ಅಷ್ಟು ಹೆಂಗಸರದು ಹೋಗುತ್ತದೆ. ಈ ವಯಸ್ಸಿನಲ್ಲಿ ಮತ್ತೆ ಅರಿಶಿನದ ಹೊಲಕ್ಕೆ ಬಗ್ಗಲು ಅವಳ ಸೊಂಟದಲ್ಲಿ ಶಕ್ತಿ ಇರಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಸೋರಿಲ್ಲ ಕಣವ್ವ. ನಾನೇ ತೊಳ್ದೆ."

"ತೊಳೀಬಾರ್ದು ಅಂತ ಹೇಳಿರ್ಲಿಲ್ವಾ?"

"ಏಳಿದ್ರು. ಮಂದಿ ಪಾತ್ರೇನ ಕೊಳಕಾಗಿ ಎಂಗವ್ವ ಕೊಡದು?"

"ನನ್ ಕೆಲ್ಸುಕ್ಕೂ ಕುತ್ತು ತಂದ್ಬುಟ್ಟಲ್ಲವ್ವ ನೀನು," ಎಂದ ಮಹದೇವಸ್ವಾಮಿ.

ತೇಜಸ್ವಿನಿ ಒಂದು ಕ್ಯಾನನ್ನು ವಾರೆ ಮಾಡಿ ತಳ ತೋರಿಸಿದಳು. ಅಂಟಿಕೊಂಡಿರುವ ಒಂದು ಲೋಟದಷ್ಟು ಸೋಪಿನ ಮೇಲೇ ನಾಗರತ್ನ ಹೊಸದನ್ನು ಹೊಯ್ಯುತ್ತಾಳೆ, ಹನಿಯೂ ಹೊರಗೆ ಹೋಗುವುದಿಲ್ಲ. ತೊಳೆದರೆ ಅಷ್ಟೂ ಕಟ್ಟೆಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿದಳು. ಆಮೇಲೆ ಏನೋ ಬರೆಯತೊಡಗಿದಳು. ಮಲ್ಲಾಜಮ್ಮ ನಿಂತೇ ಇದ್ದಳು.

"ನನ್ನ ಬುಡಿಸ್ಬುಡ್ತೀರಾ?"

"ತೊಳೀಬೇಡ ಅಂದ್ವಿ, ಯಾಕೆ ಅಂತ ಹೇಳ್ಲಿಲ್ಲ. ಅದು ನಮ್ಮ ತಪ್ಪೂ ಹೌದು. ಕಟ್ಟೆ ನಾವು ಸರಿಮಾಡಿಸ್ತೀವಿ, ಅಲ್ಲೀವರೆಗೂ ಎಮ್ಮೆಗೆ ಟ್ಯಾಂಕರ್ ನೀರು ಬರುತ್ತೆ. ನೀವು ಇನ್ನೊಂದ್ಸಲ ತೊಳೆದ್ರೆ ಮಾತ್ರ ನನ್ನ ಕೈಲಿ ಏನೂ ಇಲ್ಲ."

"ಒರಗಡೆ ಒರಸಬೌದಾ?"

ತೇಜಸ್ವಿನಿಗೆ ನಗು ಬಂತು. "ಒಣಗಿದ ಬಟ್ಟೇಲಿ ಒರಸಿ."

ಶುಕ್ರವಾರ ಗುಂಡ್ಲುಪೇಟೆಯ ಗಾಡಿ ಬಂತು. ಡ್ರೈವರ್ ಮಾದೇಶ್ ಖಾಲಿ ಕ್ಯಾನುಗಳನ್ನು ಏರಿಸುವಷ್ಟು ಹೊತ್ತೂ ಮಲ್ಲಾಜಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು.

"ಯಾಕವ್ವ, ನನ್ ಮ್ಯಾಲೆ ಕ್ವಾಪವಾ?"

"ಬಿರ್ನೆ ತಗಂಡು ಓಗಪ್ಪ. ನಾ ತಿರುಗಿ ನೋಡುದ್ರೆ ಎಲ್ಲಾನೂ ತೊಳಿಯಕ್ಕೆ ಇಳಿಸ್ಕಂಬುಡ್ತೀನಿ."