ಗೇರ್ ಎಣ್ಣೆಗೆ ಬಿಸಿನೀರ ಸ್ನಾನ

ಮೊನ್ನೆ ಕೊಪ್ಪಳದಲ್ಲಿ ಕನ್ನಡಕದ ಅಂಗಡಿಯಿಂದ ಹೊರಬಿದ್ದವಳು ಪಕ್ಕದ ಗ್ಯಾರೇಜಿನ ಮುಂದೆ ನಿಂತುಬಿಟ್ಟೆ. ಒಂದು ಕಾರಿನ ಹೊಟ್ಟೆಯಡಿ ತಗಡಿನ ತಟ್ಟೆ ಇಟ್ಟಿದ್ದರು. ಅದರೊಳಗೆ ದಾಳಿಂಬೆ ರಸದಂಥ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು.

“ಕ್ಲಚ್ ಇಲ್ಲದ ಗಾಡಿಯೇನಪ್ಪಾ?” ಎಂದೆ.

ಮೆಕ್ಯಾನಿಕ್ ನನ್ನ ಬಿಳಿಗೂದಲನ್ನೂ ಹೊಸ ಕನ್ನಡಕವನ್ನೂ ನೋಡಿ, “ಹೌದ್ರಿ ಅಮ್ಮಾರ, ಆಟೋಮ್ಯಾಟಿಕ್. ನಿಮಗ ಹೆಂಗ ಗೊತ್ತಾತ್ರಿ?” ಎಂದ.

ಅವನಿಗೆ ಉತ್ತರ ಕೇಳಲು ಪುರುಸೊತ್ತಿರಲಿಲ್ಲ. ಡಿಯರ್ ರೀಡರ್, ನಿಮಗಿದ್ದರೆ ಹೀಗೆ ಬಂದು ಕೂತುಕೊಳ್ಳಿ.

ಎಪ್ಪತ್ತರ ದಶಕದಲ್ಲಿ ನಾನು ಗಂಗಾವತಿಗೆ ಸೊಸೆಯಾಗಿ ಬಂದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಸೂಪನ್ನು ಸದ್ದಿಲ್ಲದೆ ಕುಡಿಯುವುದನ್ನೂ ಕುರ್ಚಿಯಿಂದ ಗ್ರೇಸ್‌ಫುಲ್ ಆಗಿ ಏಳುವುದನ್ನೂ ಕಲಿಸಿದ್ದರು. ಗಂಡನ ಮನೆಯಲ್ಲಿ ಸೂಪೂ ಇರಲಿಲ್ಲ, ಕುರ್ಚಿಯೂ ಒಂದೇ. ಅದರಲ್ಲಿ ಸದಾ ಮಾವನವರು. ಅಂಗಳದ ತುಂಬ ಮಾತ್ರ ಒಂದು ಲಾರಿ ನಿಂತಿತ್ತು. ಮಿಲಿಟರಿಯವರು ಹರಾಜು ಹಾಕಿದ ಫಾರಿನ್ ಲಾರಿ. ಅದಕ್ಕೆ ಕ್ಲಚ್ಚೇ ಇರಲಿಲ್ಲ; ಗೇರು ತನ್ನಷ್ಟಕ್ಕೆ ತಾನೇ ಬೀಳುತ್ತಿತ್ತು. ಊರ ಲಾರಿಗಳನ್ನು ಓಡಿಸಿ ರೂಢಿಯಾದ ಮಾವನವರ ಎಡಗಾಲಿಗೆ ಇದರಲ್ಲಿ ಕೆಲಸವಿಲ್ಲ. ಆ ನಿರುದ್ಯೋಗಿ ಕಾಲು ದಾರಿಯುದ್ದಕ್ಕೂ ಏನನ್ನೋ ತುಳಿಯಲು ಹುಡುಕುತ್ತಿತ್ತು, ಊಟಕ್ಕೆ ಕೂತಾಗಲೂ. ಎಷ್ಟು ಸಲ ಸಾರಿನ ಬಟ್ಟಲು ಉರುಳಿತೋ! ಅಕ್ಕಿ ಗಿರಣಿಯ ಮುಂದೆ ಸಾಲಾಗಿ ನಿಂತ ಡ್ರೈವರುಗಳು ಅದಕ್ಕೆ ‘ಕುಂಟ ಲಾರಿ’ ಎಂದು ಹೆಸರಿಟ್ಟಿದ್ದರು. ಮಾವನವರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದನ್ನು ಅವರು ಪ್ರೀತಿಸುತ್ತಿದ್ದರು, ಅಷ್ಟೇ. ಅತ್ತೆಯವರಿಗೆ ಅದರ ಮೇಲೆ ಸವತಿಯ ಮೇಲಿರುವಷ್ಟು ಮತ್ಸರವೂ, ಮಗುವಿನ ಮೇಲಿರುವಷ್ಟು ಅಂತಃಕರಣವೂ ಇತ್ತು.

ನಾದಿನಿ ಶಾಂತಾಳ ಮದುವೆ ಹತ್ತಿರದ ಸಿದ್ದಾಪುರದಲ್ಲಿ, ಗಂಡಿನ ಮನೆಯಲ್ಲೇ ಎಂದು ಗೊತ್ತಾಯಿತು. ಅತ್ತೆಯ ತಮ್ಮ ಬಸಣ್ಣ ಟ್ರ್ಯಾಕ್ಟರ್ ತರುತ್ತೇನೆಂದ.

“ನನ್ನ ಮಗಳು ನನ್ನ ಲಾರ್ಯಾಗ ಹೋಗ್ತಾಳ,” ಎಂದರು ಮಾವ.

“ಭಾವಾ, ಅದು ಈಗೀಗ ಏರು ಹತ್ತೂದಕ್ಕ ತೇಕತೈತಿ. ನಡುದಾರ್ಯಾಗ ನಿಂತರ?”

“ನಿಂತರ ಮರುದಿನ ಗುಜರಿಗೆ ಹಾಕ್ತೀನಿ. ಸಾಕೇನ?”

ಆ ಮಾತು ಆಡುವಾಗ ಮಾವನವರ ಎಡಗಾಲು ಕೂಡ ಅಲುಗಲಿಲ್ಲ.

ಆ ಗೇರಿಗೆ ಕೈ ಹಾಕುವ ಮಿಸ್ತ್ರಿ ಗಂಗಾವತಿಯಲ್ಲಿ ಯಾರೂ ಇರಲಿಲ್ಲ. ಹಳೆಯ ಎಣ್ಣೆ ಇಳಿಸಿ ಹೊಸದು ಹಾಕುವುದೆಂದು ಮಾವನವರೇ ತೀರ್ಮಾನಿಸಿ, ಮದುವೆಯ ಹಿಂದಿನ ಅಮಾವಾಸ್ಯೆಯಂದು ಲಾರಿಯಡಿ ನುಸುಳಿದರು. ಸುಟ್ಟು ಕಪ್ಪಾದ ಎಣ್ಣೆ ಇಳಿಯಿತು. ಹರಾಜಿನಲ್ಲೇ ಸಿಕ್ಕಿದ್ದ ಕೆಂಪು ಎಣ್ಣೆಯ ಡಬ್ಬ ಹೊರಬಂತು. ಎಣ್ಣೆ ಅಳೆಯುವ ಕಡ್ಡಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಕೊರೆದಿತ್ತು. ನನಗೆ ಬುಲಾವು ಬಂತು. ನನ್ನ ಕಾನ್ವೆಂಟ್ ಎಜುಕೇಶನ್ ಆ ಮನೆಗೆ ಉಪಯೋಗಕ್ಕೆ ಬಂದ ಮೊದಲ ದಿನ!

“ಮಾವಾರ, ಎಂಜಿನ್ ಚಾಲೂ ಇಟ್ಟು, ಎಣ್ಣಿ ಬಿಸಿ ಇದ್ದಾಗ ನೋಡಬೇಕಂತ್ರಿ,” ಎಂದು ಓದಿ ಹೇಳಿದೆ.

ಮಾವನವರು ಚಾವಿಗೆ ಕೈ ಹಾಕಿದ್ದೇ ತಡ, ಅತ್ತೆ ಅಡ್ಡ ನಿಂತರು. “ಇವತ್ತು ಅಮಾಸಿ. ಲಾರಿಗೆ ಪೂಜಿ ಮಾಡೀನಿ, ಗಾಲಿ ಕೆಳಗ ಲಿಂಬಿಹಣ್ಣು ಇಟ್ಟೀನಿ. ಇನ್ನ ಮದುಮಗಳು ಹತ್ತೂತನಾ ಇದು ಚಾಲೂ ಆಗಬಾರದು.”

“ಹಂಗಂದ್ರ ಬಿಸಿ ಹೆಂಗ ಮಾಡೂದು?”

“ಬಿಸಿ ಮಾಡೂದಕ್ಕ ಎಂಜಿನ್ ಯಾಕ ಬೇಕ್ರಿ? ಬಚ್ಚಲದಾಗ ಹಂಡೆ ಐತಲ್ಲ.”

ಮಾವನವರು ಅತ್ತೆಯನ್ನು ಅಷ್ಟು ಮೆಚ್ಚುಗೆಯಿಂದ ನೋಡಿದ್ದನ್ನು ನಾನು ಅದೊಂದೇ ಸಲ ಕಂಡದ್ದು. ಕುದಿಯುವ ನೀರಿನ ಹಂಡೆಯಲ್ಲಿ ಎಣ್ಣೆಯ ಡಬ್ಬವನ್ನು ಕೂರಿಸಿದರು. ಮನುಷ್ಯರಿಗೆ ಎಣ್ಣೆ ಹಚ್ಚಿ ನೀರು ಹಾಕುವುದನ್ನು ನೋಡಿದ್ದೆ. ಎಣ್ಣೆಗೇ ಅಭ್ಯಂಜನ ಅಂದೇ ನೋಡಿದ್ದು. ಪಕ್ಕದ ಮನೆಯ ಗಂಗಮ್ಮ ಇಣುಕಿ, “ಏನವಾ, ಆರತಿ ನೀರು ಈಗಲೇ ಕಲಸೀರಿ? ಬಣ್ಣ ಭಾಳ ಛಲೋ ಬಂದೈತಿ,” ಎಂದು ಬೆರಳು ಅದ್ದಲು ಹೋದಳು. ಬಿಸಿ ಎಣ್ಣೆಯನ್ನು ಸುರಿದು ಕಡ್ಡಿ ಇಳಿಸಿದೆವು. ಗೆರೆಗೆ ಸರಿಯಾಗಿ ಬಂತು. “ಪರ್ಫೆಕ್ಟ್!” ಎಂದು ನಾನೇ ಚಪ್ಪಾಳೆ ತಟ್ಟಿದೆ. ಎಂಜಿನ್ ತಿರುಗಿದರೆ ಗೇರಿನ ಹೊಟ್ಟೆ ಇನ್ನಷ್ಟು ಎಣ್ಣೆ ನುಂಗುತ್ತದೆ, ಅದಕ್ಕೇ ಚಾಲೂ ಇಟ್ಟು ನೋಡಬೇಕು ಎಂಬ ಗುಟ್ಟು ಅಲ್ಲಿ ಯಾರಿಗೆ ಗೊತ್ತಿತ್ತು?

ಮದುವೆಯ ದಿನ ಲಾರಿ ಬಸಣ್ಣನ ಎದುರಿಗೇ ಗತ್ತಿನಿಂದ ಹೊರಟಿತು. ಹಿಂದೆ ಜಮಖಾನ ಹಾಸಿ, ಬಸಣ್ಣನೂ ಸೇರಿ, ನಾವೆಲ್ಲ ಕೂತಿದ್ದೆವು. ಶಾಂತಾ ಹಿಂಬದಿಯ ಹಲಗೆಗೆ ಆತುಕೊಂಡು, ಸರಿದುಹೋಗುವ ತವರನ್ನು ನೋಡುತ್ತ, ಅಳಲು ತಯಾರಿ ನಡೆಸಿದ್ದಳು. ಸಿದ್ದಾಪುರದ ಹತ್ತಿರ ಕಾಲುವೆಯ ಏರು ಬಂತು. ಗೇರಿಗೆ ಎಣ್ಣೆ ಸಾಲಲಿಲ್ಲ; ಎಂಜಿನ್ ಕೂಗಿತು, ಲಾರಿ ಮಾತ್ರ ನಿಧಾನವಾಗತೊಡಗಿತು.

“ನಿಂತಿತು!” ಎಂದ ಬಸಣ್ಣ, ಸಿಹಿ ಸುದ್ದಿ ಹೇಳುವವನಂತೆ.

“ಇನ್ನೂ ನಿಂತಿಲ್ಲ!” ಎಂದು ಮಾವನವರು ರಿವರ್ಸ್ ಹಾಕಿದರು. ಮುಂದಕ್ಕೆ ಸಾಯುತ್ತಿದ್ದ ಲಾರಿ ಹಿಂದಕ್ಕೆ ಆನೆಯಂತೆ ನಡೆಯಿತು. ಪಕ್ಕದ ಗದ್ದೆಯ ದಾರಿಗೆ ಹಿಂದೆ ಸರಿಸಿ, ಮೂತಿ ಗಂಗಾವತಿಗೆ, ಬೆನ್ನು ಸಿದ್ದಾಪುರಕ್ಕೆ ತಿರುಗಿಸಿದರು. ಆಮೇಲೆ, ಬಿಲೀವ್ ಮಿ, ಮದುವೆ ದಿಬ್ಬಣ ಹಿಂದಿಂದಕ್ಕೇ ಏರು ಹತ್ತಿತು. ದಾರಿ ಹೇಳುವವಳು ನಾನು. “ಸ್ಲೋ ಮಾವಾರ! ಲೆಫ್ಟ್‌ಗೆ ಎಮ್ಮಿ ಐತಿ!” “ಯಾರ ಲೆಫ್ಟ್‌ಗೆ?” “ಎಮ್ಮೀನ ಕೇಳ್ರಿ!” ಎಂದು ಶಾಂತಾ ಕಿರುಚಿ, ಬಾಸಿಂಗ ಹಿಡಿದುಕೊಂಡು ನಕ್ಕಳು. ಅವಳ ಹಿಂದೆ ನಾವೆಲ್ಲ.

ಗಂಡಿನ ಮನೆಯ ಚಪ್ಪರಕ್ಕೆ ಮೊದಲು ಮದುಮಗಳು ಬಂದಳು, ಕಟ್ಟಕಡೆಗೆ ಡ್ರೈವರು. ಕೆಂಪು ಆರತಿ ನೀರು ಹಿಡಿದು ನಿಂತಿದ್ದ ಬೀಗರ ಮನೆಯ ಮುದುಕಿ ಬೆರಗಾಗಿ, “ಇದ್ಯಾವ ಪದ್ಧತಿರೀ ನಿಮ್ಮದು?” ಎಂದಳು.

ಮಾವನವರು ಪೇಟ ಸರಿಮಾಡಿಕೊಂಡರು. “ಹಿಂಗ ಬಂದರ ಹುಡುಗಿ ತವರಿನ ಕಡಿ ಹೊಳ್ಳಿ ನೋಡೂದಿಲ್ರಿ. ನಿಮ್ಮ ಮನಿ ನೋಡಕೋತನ ಬಂದಾಳ.”

ಮುದುಕಿ ತೃಪ್ತಿಯಿಂದ ಶಾಂತಾಳ ಗದ್ದ ಹಿಡಿದಳು. ಮಾವನವರ ಕಣ್ಣು ಮಾತ್ರ ಆರತಿ ತಟ್ಟೆಯ ಮೇಲೆ. “ಇದನ್ನ ಗೇರಿಗೆ ಹಾಕಿದ್ರ ಹೆಂಗ?” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಊಟದ ಹೊತ್ತಿಗೆ ಬಸಣ್ಣ, “ನಿಲ್ಲಲಿಲ್ಲ ಬಿಡ್ರಿ ಭಾವಾ,” ಎಂದು ಒಪ್ಪಿಕೊಂಡ. ಲಾರಿ ಗುಜರಿಯಿಂದ ಉಳಿಯಿತು.

ಅಷ್ಟು ಜನರೆದುರು ಹಿಂದುಮುಂದಾಗಿ ಗಂಡನ ಮನೆ ಸೇರಿದ್ದು ಶಾಂತಾಳಿಗೆ ಅವಮಾನವಾಗಿರಬೇಕು, ಪಾಪ, ಎಂದು ನಾನು ಇಷ್ಟು ವರ್ಷ ಮರುಗಿದ್ದೆ, ಕೇಳಿರಲಿಲ್ಲ. ಮೊನ್ನೆ ಗ್ಯಾರೇಜಿನ ಮುಂದಿನಿಂದಲೇ ಫೋನ್ ಮಾಡಿದೆ.

“ವೈನಿ, ಅವತ್ತು ಅಳಬೇಕಂತ ಕರ್ಚೀಫು ಹಿಡಕೊಂಡೇ ಕುಂತಿದ್ದೆ,” ಎಂದಳು ಶಾಂತಾ. “ನೀವೆಲ್ಲಿ ಬಿಟ್ರಿ? ನಕ್ಕೋತ ಇಳದೆ. ನಮ್ಮತ್ತಿ ‘ಸೊಸಿ ನಗಮುಖದಾಕಿ’ ಅಂತ ಊರ ತುಂಬ ಸಾರಿಬಿಟ್ರು. ಆಮ್ಯಾಲ ಸಿಟ್ಟು ಬಂದರೂ ನಗಬೇಕು! ಹಂಗ ನಕ್ಕೋತ ನಕ್ಕೋತ ಖರೇನ ರೂಢಿ ಆತು ನೋಡು.”

ಒದ್ದೆಗಣ್ಣಲ್ಲೇ ಫೋನ್ ಇಟ್ಟೆ. ಥ್ಯಾಂಕ್ ಗಾಡ್, ಹೊಸ ಕನ್ನಡಕವಿತ್ತು. ಮೆಕ್ಯಾನಿಕ್ ಎಣ್ಣೆ ಸುರಿದು ಕಡ್ಡಿ ಒರೆಸುತ್ತಿದ್ದ. “ಎಂಜಿನ್ ಚಾಲೂ ಇಟ್ಟು ನೋಡಪ್ಪಾ,” ಎಂದು ಹೇಳಲು ಬಾಯಿ ತೆರೆದವಳು ಸುಮ್ಮನಾದೆ. ಯಾವ ಹುಡುಗಿ ಈ ಕಾರಿನಲ್ಲಿ ನಗುತ್ತ ಎಲ್ಲಿಗೆ ಹೋಗುವವಳಿದ್ದಾಳೋ, ಯಾರಿಗೆ ಗೊತ್ತು!